ಶಿರಸಿಯ ಅಂಗಡಿಯಲ್ಲಿ ಅಗ್ಗಕ್ಕೆ ‘ಬರ್ಮಾ ಮಾಣಿಕ್ಯ’ ತೋರಿಸಿದರು. ಅದು ನಿಜಕ್ಕೂ ಬರ್ಮಾದ್ದೇ ಇರಬಹುದಾ?

ಹೆಸರು ಕೇಳಿ ಸುಮ್ನೆ ದುಡ್ಡು ಕೊಡಬೇಡಿ. ಬರ್ಮಾ ಮಾಣಿಕ್ಯದ ತವರು ಮೊಗೋಕ್, ಮಂಡಾಲೆಯಿಂದ ಸುಮಾರು 200 ಕಿ.ಮೀ. ದೂರದ ಬೆಟ್ಟದೂರು. ಅಲ್ಲಿ ಮಾಣಿಕ್ಯ ಹುಟ್ಟುವುದು ಅಮೃತಶಿಲೆಯಲ್ಲಿ. ಕಬ್ಬಿಣದ ಅಂಶ ಕಡಿಮೆ, ಹಾಗಾಗಿ ಕ್ರೋಮಿಯಂ ಕೊಡುವ ಕೆಂಪು ಕೆಂಡದ ಹಾಗೆ ಹೊಳೆಯುತ್ತದೆ. ಜಲ್ಲಿಮಣ್ಣು ತೊಳೆದು ಕಲ್ಲು ಹೆಕ್ಕುತ್ತಾರೆ. ಸಂತೆಯಲ್ಲಿ ಹಿತ್ತಾಳೆ ತಟ್ಟೆಗೆ ಸುರಿದು ಹಗಲ ಬೆಳಕಲ್ಲೇ ವ್ಯಾಪಾರ. ಚೊಕ್ಕವಾದ ದೊಡ್ಡ ಕಲ್ಲು ಅಲ್ಲೇ ಅಪರೂಪ, ಇಲ್ಲಿಗೆ ಅಗ್ಗಕ್ಕೆ ಬರೋದು ಹೇಗೆ?

ಅಗ್ಗದ್ದರಲ್ಲಿ ಜಾಸ್ತಿ ಇರೋದು, ಬಿರುಕಿಗೆ ಸೀಸದ ಗಾಜು ತುಂಬಿದ ಕಲ್ಲೇ. ಲೆನ್ಸ್ ಹಿಡಿದು ಕಲ್ಲನ್ನು ಮೆಲ್ಲಗೆ ಓರೆ ಮಾಡಿ. ಒಳಗೆ ಗುಳ್ಳೆ, ನೀಲಿ ಮಿಂಚು ಕಂಡರೆ ಅದೇ. ಅಂಥ ಉಂಗುರ ಹಾಕಿಕೊಂಡು ಲಿಂಬೆಹಣ್ಣು ಹಿಂಡಿದರೂ ಗಾಜು ಹಾಳಾಗುತ್ತದೆ. ದುಬಾರಿ ಕಲ್ಲಾದರೆ, ಎಲ್ಲಿಯದು, ಏನು ಟ್ರೀಟ್‌ಮೆಂಟ್ ಆಗಿದೆ ಎಂದು ಬರೆದಿರುವ ಲ್ಯಾಬ್ ರಿಪೋರ್ಟ್ ಕೇಳಿ.