ದಾರದಲ್ಲಿ ಅಳೆಯಿರಿ, ಸ್ಕೇಲಿನಲ್ಲಲ್ಲ

ಪ್ರಶ್ನೆ: ಗೋಡೆಯ ಭೂಪಟದ ಮೇಲೆ ಸ್ಕೇಲ್ ಇಟ್ಟು ನ್ಯೂಯಾರ್ಕ್ ಮತ್ತು ಮ್ಯಾಡ್ರಿಡ್ ವಿಮಾನ ನಿಲ್ದಾಣಗಳ ನಡುವಿನ ದೂರ ಅಳೆದೆ. ಮೂಲೆಯಲ್ಲಿದ್ದ ಅಳತೆಮಾನದ ಪ್ರಕಾರ 7,800 ಕಿ.ಮೀ. ಬಂತು. ಗಂಟೆಗೆ 900 ಕಿ.ಮೀ. ಎಂದು ಭಾಗಿಸಿದರೆ 8 ಗಂಟೆ 40 ನಿಮಿಷ. ವೇಳಾಪಟ್ಟಿಯಲ್ಲಿ ಮಾತ್ರ ಹೋಗಲು ಏಳು ಗಂಟೆ, ಮರಳಲು ಎಂಟು ಗಂಟೆಗೂ ಹೆಚ್ಚು ಎಂದಿದೆ. ನಾನು ತಪ್ಪಿದ್ದೆಲ್ಲಿ?

ಉತ್ತರ: ನಿಮ್ಮ ಭಾಗಾಕಾರ ಸರಿ, ಭೂಪಟ ಕೈಕೊಟ್ಟಿದೆ. ಭೂಗೋಳ ಪಾಠ ಹೇಳಲು ಶುರುಮಾಡಿದ ಮೊದಲ ವರ್ಷ ನಾನೂ ಹೀಗೆಯೇ ಸ್ಕೇಲ್ ಇಟ್ಟು ಲೆಕ್ಕ ಒಪ್ಪಿಸಿದವನು, ಸಂಕೋಚ ಬೇಡ.

ನಿಮ್ಮದು ಮರ್ಕೇಟರ್ ಮಾದರಿಯ ಭೂಪಟ ಇರಬೇಕು. 1569ರಲ್ಲಿ ಹಡಗಿನವರಿಗಾಗಿ ಮಾಡಿದ ಮಾದರಿ ಅದು. ದಿಕ್ಕು ಹಿಡಿಯಲು ಚೆನ್ನ, ದೂರ ಅಳೆಯಲು ಕೆಟ್ಟದ್ದು. ಮೂಲೆಯ ಅಳತೆಮಾನ ಸಮಭಾಜಕ ವೃತ್ತಕ್ಕೆ ಮಾತ್ರ ಹೊಂದುತ್ತದೆ. ಎರಡೂ ಊರುಗಳಿರುವ 40 ಡಿಗ್ರಿ ಅಕ್ಷಾಂಶದ ಬಳಿ ಭೂಪಟ ಹೆಚ್ಚುಕಡಿಮೆ ಮೂರನೇ ಒಂದರಷ್ಟು ಹಿಗ್ಗಿರುತ್ತದೆ. ಆ ಹಿಗ್ಗನ್ನು ತೆಗೆದರೆ 5,930 ಕಿ.ಮೀ. ಉಳಿಯುತ್ತದೆ. ಅದೂ ನಿಜವಾದ ದೂರವಲ್ಲ.

ಒಂದು ಗ್ಲೋಬ್ ತೆಗೆದುಕೊಳ್ಳಿ. ನನ್ನದು 30 ಸೆಂ.ಮೀ. ವ್ಯಾಸದ್ದು, ಆಫ್ರಿಕಾದ ಬಳಿ ತುಸು ನೆಗ್ಗಿದೆ, ಆದರೂ ಕೆಲಸಕ್ಕೆ ಸಾಕು. ನ್ಯೂಯಾರ್ಕಿನ ಮೇಲೆ ದಾರದ ತುದಿಯನ್ನು ಹೆಬ್ಬೆರಳ ಉಗುರಿನಿಂದ ಒತ್ತಿಹಿಡಿದು, ಇನ್ನೊಂದು ತುದಿಯನ್ನು ಮ್ಯಾಡ್ರಿಡ್‌ಗೆ ಎಳೆಯಿರಿ. ಸಡಿಲ ಬಿಟ್ಟಾಗ ಅದು ಅಕ್ಷಾಂಶ ರೇಖೆಯ ಮೇಲೆಯೇ ಮಲಗಿರುತ್ತದೆ. ಬಿಗಿಯಾಗಿ ಎಳೆದೊಡನೆ ತಾನಾಗಿ ಉತ್ತರಕ್ಕೆ ಜಾರಿ, ನಡುದಾರಿಯಲ್ಲಿ 46 ಡಿಗ್ರಿಗೂ ಮೇಲೇರುತ್ತದೆ. ಇದೇ ಮಹಾವೃತ್ತದ ದಾರಿ, ಗೋಲದ ಮೇಲೆ ಅತಿ ಹತ್ತಿರದ್ದು. ದಾರವನ್ನು ಬಿಡಿಸಿ ಅಳೆದರೆ ಹದಿಮೂರೂವರೆ ಸೆಂಟಿಮೀಟರ್. ನನ್ನ ಗ್ಲೋಬಿನಲ್ಲಿ ಒಂದು ಸೆಂಟಿಮೀಟರ್‌ಗೆ ಸುಮಾರು 425 ಕಿ.ಮೀ., ಗುಣಿಸಿದರೆ ಸುಮಾರು 5,740 ಕಿ.ಮೀ. ಅಕ್ಷಾಂಶ, ರೇಖಾಂಶ ಹಿಡಿದು ತ್ರಿಕೋನಮಿತಿಯಿಂದ ಲೆಕ್ಕ ಹಾಕಿದರೆ ಬರುವುದು ಸುಮಾರು 5,760 ಕಿ.ಮೀ. ದಾರ ತಪ್ಪಿದ್ದು ಇಪ್ಪತ್ತೇ ಕಿಲೋಮೀಟರ್!

ಇನ್ನು ಸಮಯ. ವಿಮಾನ ಹಾರುವ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಎಂಬ ಜೋರುಗಾಳಿ ಬೀಸುತ್ತದೆ. ಗಾಳಿಯ ವೇಗ 100 ಕಿ.ಮೀ. ಎಂದುಕೊಳ್ಳಿ. ಹೋಗುವಾಗ ಅದು ಬೆನ್ನಿಗಿರುತ್ತದೆ, ನೆಲದ ಮೇಲಿನ ವೇಗ 1,000: ಐದೂಮುಕ್ಕಾಲು ಗಂಟೆ. ಬರುವಾಗ ಎದುರಿಗೆ, ವೇಗ 800: ಏಳು ಗಂಟೆ ಹನ್ನೆರಡು ನಿಮಿಷ. ವೇಳಾಪಟ್ಟಿ ಲೆಕ್ಕ ಹಿಡಿಯುವುದು ನಿಲ್ದಾಣದ ಗೇಟ್ ಬಿಟ್ಟಲ್ಲಿಂದ ಗೇಟ್ ಸೇರುವ ತನಕ. ಹಾಗಾಗಿ ರನ್‌ವೇಗೆ ಉರುಳುವುದು, ಸರದಿ ಕಾಯುವುದು, ನಿಧಾನವಾಗಿ ಮೇಲೇರಿ ಇಳಿಯುವುದು, ತಡವಾದೀತೆಂದು ಮೊದಲೇ ಇಟ್ಟುಕೊಂಡ ನಿಮಿಷಗಳು ಎಲ್ಲ ಸೇರಿ ಇನ್ನೂ ಒಂದು ಗಂಟೆಯನ್ನು ನುಂಗಬಹುದು.

ಟಿಕೆಟ್ ನೋಡಿ ಲೆಕ್ಕ ಹಾಕುವುದಾದರೆ ಒಂದು ಎಚ್ಚರ. ರಾತ್ರಿ 8ಕ್ಕೆ ಹೊರಟು ಬೆಳಿಗ್ಗೆ 9ಕ್ಕೆ ತಲುಪುತ್ತದೆ ಎಂದಿದ್ದರೆ ಹದಿಮೂರು ಗಂಟೆ ಎನ್ನಬೇಡಿ. ಎರಡೂ ಆಯಾ ಊರಿನ ಗಡಿಯಾರದ ಹೊತ್ತು. ಮ್ಯಾಡ್ರಿಡ್ ವರ್ಷದ ಬಹುಪಾಲು ಆರು ಗಂಟೆ ಮುಂದಿರುತ್ತದೆ. ಅದನ್ನು ಕಳೆದರೆ ನಿಮ್ಮ ವೇಳಾಪಟ್ಟಿಯ ಏಳು ಗಂಟೆ ಸಿಗುತ್ತದೆ.