ಶಿರಸಿ ತೋಟದ ಗಡಿ ಕೇಸು: ನ್ಯಾಯಾಧೀಶರ ಮೇಲೆ ದೂರು ಎಲ್ಲಿ, ಹೇಗೆ?

ತೋಟದ ಗಡಿ ಕೇಸಿನ ನ್ಯಾಯಾಧೀಶರ ಮೇಲೆ ನಮ್ಮ ಜಿಲ್ಲಾ ಕೇಂದ್ರ ಕಾರವಾರಕ್ಕೆ ದೂರು ಕಳಿಸಿದೆ, ಉತ್ತರವೇ ಇಲ್ಲ, ಮುಂದೇನು ಅಂತ ಕೇಳಿದ್ದೀರಿ. ಉತ್ತರ ಬರದಿರಲು ಕಾರಣ ಬಹುಶಃ ಇದು: ಒಂದೇ ಅರ್ಜಿಯಲ್ಲಿ ಎರಡು ವಿಷಯ ಸೇರಿಸಿದ್ದೀರಿ. ತಡೆಯಾಜ್ಞೆ ಕೊಡಲಿಲ್ಲ ಅನ್ನುವುದು ಒಂದು. ನ್ಯಾಯಾಧೀಶರು ಎದುರು ಪಾರ್ಟಿಯನ್ನು ಮಾತ್ರ ಚೇಂಬರಿಗೆ ಕರೆಸಿ ಮಾತಾಡಿದರು ಅನ್ನುವುದು ಇನ್ನೊಂದು.

ಮೊದಲನೆಯದಕ್ಕೆ ಮೇಲ್ಮನವಿಯೇ ದಾರಿ. ಬರೀ ಆದೇಶ ತಪ್ಪಾಯಿತು ಅಂತ ಜಡ್ಜ್ ಮೇಲೆ ಕ್ರಮ ಆಗುವುದಿಲ್ಲ, ಆಗಲೂಬಾರದು. ಇದಕ್ಕೆ ಇರುವುದು ಜಿಲ್ಲೆಯ ಮೇಲಿನ ಕೋರ್ಟಿಗಾದರೆ 30 ದಿನ, ಹೈಕೋರ್ಟಿಗಾದರೆ 90 ದಿನ. ದಾಟಿದ್ದರೆ ವಿಳಂಬ ಮನ್ನಿಸುವ ಅರ್ಜಿಯನ್ನೂ ಜೊತೆಗೇ ಹಾಕಿಸಿ.

ಎರಡನೆಯದು ನಿಜವಾದ ದೂರು. ಸಂವಿಧಾನದ 235ನೇ ವಿಧಿ ಪ್ರಕಾರ ಕೆಳಗಿನ ಕೋರ್ಟುಗಳ ಹತೋಟಿ ಹೈಕೋರ್ಟಿನದು. ನಮ್ಮ ಜಿಲ್ಲೆಯ ಕೇಸುಗಳು ಧಾರವಾಡ ಪೀಠಕ್ಕೆ ಹೋಗುತ್ತವೆ ನಿಜ, ಆದರೆ ಈ ದೂರನ್ನು ಬೆಂಗಳೂರಿನ ರಿಜಿಸ್ಟ್ರಾರ್ ಜನರಲ್ (ಹೈಕೋರ್ಟಿನ ಆಡಳಿತ ನೋಡುವ ಹಿರಿಯ ಅಧಿಕಾರಿ) ಹೆಸರಿಗೆ ಬರೆಯಿರಿ. ನೋಟರಿ ಮುಂದೆ ಪ್ರಮಾಣ ಮಾಡಿದ ಅಫಿಡವಿಟ್ ಇರಲೇಬೇಕು. 

ಅದಕ್ಕೂ ಮೊದಲು ಆರ್ಡರ್ ಶೀಟಿನ (ಕೇಸಿನಲ್ಲಿ ದಿನದಿನ ಏನಾಯಿತು ಅಂತ ಕೋರ್ಟು ಬರೆದಿಡುವ ಹಾಳೆ) ದೃಢೀಕೃತ ನಕಲು ತೆಗೆಸಿ. ಚೇಂಬರಿಗೆ ಕರೆಸಿದ ಆ ದಿನ ಕೇಸು ಯಾಕೆ ಮುಂದೂಡಿದರು, ನಿಮ್ಮ ವಕೀಲರು ಹಾಜರಿದ್ದರಾ, ಎಲ್ಲ ನೋಡಿ. ದೂರಿನಲ್ಲಿ ತಾರೀಕು, ಹೊತ್ತು, ಕಣ್ಣಾರೆ ಕಂಡವರು ಯಾರು, ಇಷ್ಟೇ ಇರಲಿ. 'ದುಡ್ಡು ತಿಂದಿದ್ದಾರೆ' ಅಂತ ಸುಮ್ನೆ ಬರೆಯಬೇಡಿ. ಆಧಾರ ಇಲ್ಲದ ಆ ಒಂದು ಸಾಲು ನ್ಯಾಯಾಂಗ ನಿಂದನೆಯವರೆಗೂ ಎಳೆಯಬಹುದು.

ಚೇಂಬರಿನೊಳಗೆ ಏನು ಮಾತಾಯಿತೋ ನಿಮಗೂ ಗೊತ್ತಿಲ್ಲ ಅಲ್ವಾ? ಹಾಗಾಗಿ ದೂರು ನಿಲ್ಲುತ್ತದೆ ಅಂತ ನಾನು ಖಾತ್ರಿ ಕೊಡಲಾರೆ. ದೂರು ತೀರ್ಮಾನ ಆಗುವವರೆಗೆ ಕೇಸು ಅದೇ ಜಡ್ಜ್ ಮುಂದೆ ಬೇಡ ಅನ್ನಿಸಿದರೆ, ಸಿವಿಲ್ ಪ್ರಕ್ರಿಯಾ ಸಂಹಿತೆಯ 24ನೇ ಕಲಮಿನಡಿ ಕಾರವಾರದ ಜಿಲ್ಲಾ ನ್ಯಾಯಾಧೀಶರಿಗೆ ವರ್ಗಾವಣೆ ಅರ್ಜಿ ಹಾಕಿಸಿ. ಆರ್ಡರ್ ಶೀಟಿನ ನಕಲಿಗೆ ಅರ್ಜಿ ನಾಳೆಯೇ ಕೊಡಿ.