ಆ ಮಕ್ಕಳಿಗೆ ನೆರಳಿಲ್ಲ ಯಾಕೆ?

ಡೊಂಬಿವಲಿಯಿಂದ ಒಬ್ಬ ಅಜ್ಜಿ ಬರೆದಿದ್ದಾರೆ. ರಜೆಯಲ್ಲಿ ಎಂಟು ವರ್ಷದ ಮೊಮ್ಮಗನ ಜೊತೆ ಕೂತು ಜಪಾನಿನ ಕಾರ್ಟೂನ್ ಸಿನಿಮಾ ‘ಮೈ ನೇಬರ್ ಟೊಟೊರೊ’ ನೋಡಿದರಂತೆ. ಇಬ್ಬರಿಗೂ ತುಂಬಾ ಇಷ್ಟವಾಯಿತು. ಪುಣೆಯಲ್ಲಿ ಓದುವ ದೊಡ್ಡ ಮೊಮ್ಮಗಳು ಬಂದವಳೇ, “ಅಜ್ಜಿ, ಅದು ಕೊಲೆಯ ಕಥೆ. ಆ ಮಕ್ಕಳು ಸತ್ತು ಹೋಗಿದಾರೆ. ಕೊನೆಗೆ ಅವರಿಗೆ ನೆರಳೇ ಇಲ್ಲ, ನೋಡು” ಅಂದಳಂತೆ. ಕೋಳಿಗಳು ಫಾರಮ್ಮಿನಿಂದ ತಪ್ಪಿಸಿಕೊಳ್ಳುವ ‘ಚಿಕನ್ ರನ್’ ಕೂಡ ನಾಜಿ ಕ್ಯಾಂಪಿನ ಕಥೆಯಂತೆ. “ಮಕ್ಕಳ ಕಾರ್ಟೂನಿನಲ್ಲೂ ಹೆಣ ಹುಡುಕಬೇಕಾ? ಇನ್ನು ಇವನ್ನು ತೋರಿಸಲೋ ಬೇಡವೋ?” ಅಂತ ಕೇಳಿದ್ದಾರೆ.

ಸಂಪಾದಕರ ಉತ್ತರ:

ಅಮ್ಮಾ, ನಿಮ್ಮ ಮೊಮ್ಮಗಳು ಹೇಳಿದ ಎರಡು ಮಾತಿನಲ್ಲಿ ಒಂದು ಸುಳ್ಳು, ಒಂದು ಬಹುಪಾಲು ನಿಜ.

ಮೊದಲು ಟೊಟೊರೊ. 1963ರ ಮೇ ತಿಂಗಳಲ್ಲಿ ಟೋಕಿಯೊ ಹತ್ತಿರದ ಸಯಾಮದಲ್ಲಿ ಒಬ್ಬ ಹುಡುಗಿಯ ಕೊಲೆ ಆಯಿತು. ಸಿನಿಮಾದ ಊರು ಕೂಡ ಆ ಕಡೆಯದೇ. ಅಕ್ಕತಂಗಿಯರ ಹೆಸರು ಸತ್ಸುಕಿ ಮತ್ತು ಮೇ. ಎರಡೂ ಮೇ ತಿಂಗಳನ್ನೇ ಸೂಚಿಸುವ ಹೆಸರು. ಇಷ್ಟೇ ಸಾಕಾಯಿತು, ಜನ ಗಂಟು ಹಾಕಿಬಿಟ್ಟರು. ಸಿನಿಮಾ ಮಾಡಿದ ಸ್ಟುಡಿಯೊ ಘಿಬ್ಲಿ 2007ರಲ್ಲಿ ಇದೆಲ್ಲ ಸುಳ್ಳು ಎಂದು ಹೇಳಿತು. ಕೊನೆಯ ದೃಶ್ಯಕ್ಕೆ ನೆರಳು ಬೇಕು ಅನಿಸಲಿಲ್ಲ, ಅದಕ್ಕೆ ಬಿಡಿಸಲಿಲ್ಲ, ಅಷ್ಟೇ.

ಸುಳ್ಳು ಹಬ್ಬಿತಲ್ಲ ಅನ್ನುವುದಕ್ಕಿಂತ, ಅದರಡಿ ನಿಜವಾದ ನೋವೊಂದು ಮುಚ್ಚಿಹೋಯಿತಲ್ಲ ಅಂತ ನನಗೆ ಜಾಸ್ತಿ ಬೇಸರ. ನಿರ್ದೇಶಕ ಹಯಾವೊ ಮಿಯಾಝಾಕಿ ಚಿಕ್ಕವರಿದ್ದಾಗ ಅವರ ತಾಯಿಗೆ ಬೆನ್ನೆಲುಬಿನ ಕ್ಷಯ ಇತ್ತು. ವರ್ಷಗಟ್ಟಲೆ ಹಾಸಿಗೆ ಹಿಡಿದಿದ್ದರು. ಸಿನಿಮಾದಲ್ಲೂ ತಾಯಿ ಆಸ್ಪತ್ರೆಯಲ್ಲಿದ್ದಾಳೆ. ಅಮ್ಮ ಮನೆಗೆ ಬರುತ್ತಾಳೆ ಅಂತ ಮಕ್ಕಳು ದಿನ ಎಣಿಸುತ್ತಿರುವಾಗ ಟೆಲಿಗ್ರಾಂ ಬರುತ್ತದೆ, ಅವಳು ಬರುವುದು ತಪ್ಪುತ್ತದೆ. ಅಲ್ಲಿಯವರೆಗೆ ಮನೆ ನಡೆಸಿದ ಅಕ್ಕ ಆಗ ಹೋ ಅಂತ ಅಳುತ್ತಾಳೆ. ಈ ಕಥೆಯ ಕತ್ತಲೆ ಇರುವುದು ಅಲ್ಲಿ. ಅಮ್ಮನೋ ಅಪ್ಪನೋ ಆಸ್ಪತ್ರೆ ಸೇರಿದ ಮನೆಯ ಮಗುವಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು ಸಂಗತಿ ಕೇಳಿ. 1988ರ ಏಪ್ರಿಲ್ 16ರಂದು ಟೊಟೊರೊ ಬಿಡುಗಡೆಯಾದಾಗ, ಅದೇ ಟಿಕೆಟ್ಟಿಗೆ ಇಸಾವೊ ತಕಹಾತ ಅವರ ‘ಗ್ರೇವ್ ಆಫ್ ದ ಫೈರ್‌ಫ್ಲೈಸ್’ ಕೂಡ ತೋರಿಸಿದರು. 1945ರಲ್ಲಿ ಕೋಬೆ ನಗರದ ಮೇಲೆ ಅಮೆರಿಕದ ವಿಮಾನಗಳು ಬೆಂಕಿ ಬಾಂಬು ಸುರಿಸಿದ ಕಥೆ ಅದು. ಹಸಿವಿನಿಂದ ಸಾಯುವ ಪುಟ್ಟ ತಂಗಿಯನ್ನು ಏನೂ ಮುಚ್ಚದೆ ತೋರಿಸುತ್ತದೆ. ಮೂಲ ಕಥೆ ಬರೆದ ಅಕಿಯುಕಿ ನೊಸಾಕ ಅದೇ ಯುದ್ಧದಲ್ಲಿ ತಮ್ಮ ತಂಗಿಯನ್ನು ಹಾಗೆಯೇ ಕಳೆದುಕೊಂಡವರು. ಇಷ್ಟು ದೊಡ್ಡ ದುಃಖ ಕಣ್ಣೆದುರೇ ಇರುವಾಗ ಜನ ಪಕ್ಕದ ಸಿನಿಮಾದಲ್ಲಿ ನೆರಳು ಎಣಿಸುತ್ತಾ ಕೂತರು!

ನಮ್ಮ ಮಕ್ಕಳು ಕೈಕೈ ಹಿಡಿದು ಸುತ್ತುವ ‘ರಿಂಗಾ ರಿಂಗಾ ರೋಸಸ್’ ಲಂಡನ್ನಿನ ಪ್ಲೇಗಿನ ಹಾಡು ಅಂತಾರಲ್ಲ, ಅದೂ ಹೀಗೆಯೇ. ಆ ಪ್ಲೇಗು 1665ರದ್ದು. ಹಾಡಿಗೆ ಪ್ಲೇಗಿನ ಅರ್ಥ ಅಂಟಿದ್ದು ಇಪ್ಪತ್ತನೇ ಶತಮಾನದಲ್ಲಿ. ಜಾನಪದ ತಿಳಿದವರು ಅದನ್ನು ಒಪ್ಪುವುದಿಲ್ಲ. ನಿಜವಾದ ಪ್ಲೇಗು 1896ರಲ್ಲಿ ಇಲ್ಲೇ ನಮ್ಮ ಮುಂಬೈಯ ಮಾಂಡ್ವಿಯಲ್ಲಿ ಕಾಣಿಸಿತು, ಜನ ಸಾವಿರಗಟ್ಟಲೆ ಊರು ಬಿಟ್ಟು ಓಡಿದರು. ಅದನ್ನು ಮಕ್ಕಳಿಗೆ ಹೇಳಿದವರು ಎಷ್ಟು ಜನ?

ಈಗ ‘ಚಿಕನ್ ರನ್’. ಇಲ್ಲಿ ಮೊಮ್ಮಗಳ ಕಣ್ಣು ಚುರುಕು. 2000ದಲ್ಲಿ ಬಂದ ಈ ಸಿನಿಮಾದಲ್ಲಿ ಮುಳ್ಳುತಂತಿ ಇದೆ, ಸಾಲಾಗಿ ನಿಲ್ಲಿಸುವ ಹಾಜರಿ ಇದೆ, ಸುರಂಗ ಇದೆ, ತಪ್ಪಿಸಿಕೊಳ್ಳಲು ಹೋದ ಕೋಳಿಗೆ ಒಂಟಿ ಸೆರೆಯೂ ಇದೆ. ಇದು ಯಾರೋ ಊಹಿಸಿದ್ದಲ್ಲ. 1963ರ ‘ದ ಗ್ರೇಟ್ ಎಸ್ಕೇಪ್’ ಸಿನಿಮಾವನ್ನು ಮನಸ್ಸಿನಲ್ಲಿಟ್ಟುಕೊಂಡು ಬೇಕಂತಲೇ ಮಾಡಿದ್ದು. ಆ ಸಿನಿಮಾದ ಹಿಂದೆ ನಡೆದ ಘಟನೆ ಇದೆ. 1944ರ ಮಾರ್ಚಿನಲ್ಲಿ ಜರ್ಮನರ ಸ್ಟಾಲಾಗ್ ಲುಫ್ಟ್ 3 ಕ್ಯಾಂಪಿನಿಂದ 76 ಸೆರೆಯಾಳುಗಳು ಸುರಂಗ ತೋಡಿ ಹೊರಬಿದ್ದರು. 73 ಜನ ಮತ್ತೆ ಸಿಕ್ಕಿಬಿದ್ದರು. ಅವರಲ್ಲಿ 50 ಜನರನ್ನು ಹಿಟ್ಲರನ ಆಜ್ಞೆಯಂತೆ ಗುಂಡಿಟ್ಟು ಕೊಂದರು. ಆದರೆ ಮೊಮ್ಮಗಳಿಗೆ ಒಂದು ಮಾತು ಹೇಳಿ. ಅದು ಯುದ್ಧದಲ್ಲಿ ಸಿಕ್ಕಿಬಿದ್ದ ವಿಮಾನಪಡೆಯವರ ಕ್ಯಾಂಪು. ಯಹೂದಿಗಳನ್ನು ಲಕ್ಷಗಟ್ಟಲೆ ಕೊಂದ ಕ್ಯಾಂಪುಗಳೇ ಬೇರೆ. ಎರಡನ್ನೂ ಕಲಸಿದರೆ ಸತ್ತವರಿಬ್ಬರಿಗೂ ಅನ್ಯಾಯ.

ತೋರಿಸಿ ಅಮ್ಮಾ, ಎರಡನ್ನೂ ತೋರಿಸಿ. ‘ಗ್ರೇವ್’ ಮಾತ್ರ ಈಗ ಬೇಡ, ಹುಡುಗನಿಗೆ ಹದಿಮೂರು ಹದಿನಾಲ್ಕು ಆಗಲಿ, ಆಗ ನೀವೂ ಪಕ್ಕದಲ್ಲಿ ಕೂತಿರಿ. ‘ಚಿಕನ್ ರನ್’ನಲ್ಲಿ ಮೊಟ್ಟೆ ಇಡದ ಕೋಳಿಯನ್ನು ಯಾಕೆ ಕೊಂದರು ಅಂತ ಅವನು ಕೇಳಿಯೇ ಕೇಳುತ್ತಾನೆ. ಸುಮ್ನೆ ಮಾತು ಮರೆಸಬೇಡಿ, ಅಷ್ಟಕ್ಕೆ ಉತ್ತರ ಕೊಡಿ. ಸುರಂಗದ ಕಥೆ ಅವನು ಮುಂದೆ ಕೇಳಿದಾಗ ಹೇಳಿದರಾಯಿತು.

ಟೊಟೊರೊ ಮುಗಿದು ಹೆಸರುಗಳು ಬರಲು ಶುರುವಾದ ಕೂಡಲೇ ನಾವೆಲ್ಲ ಟಿವಿ ಆರಿಸುತ್ತೇವೆ, ಅಲ್ವಾ? ಈ ಸಲ ಆರಿಸಬೇಡಿ. ಮೊಮ್ಮಗಳನ್ನೂ ಕೂರಿಸಿಕೊಳ್ಳಿ. ಆ ಹೆಸರುಗಳ ಜೊತೆ ಬರುವ ಚಿತ್ರಗಳಲ್ಲಿ ಅಮ್ಮ ಮನೆಗೆ ಬರುತ್ತಾಳೆ.